ಗೆರೆ ತಿದ್ದುವ ಕಾಲದಲ್ಲೇ ತಿದ್ದಿಕೊಳ್ಳಿ

ವಸಂತನರಸಾಪುರದ ಕಾರ್ಖಾನೆಗಳಲ್ಲಿ ಕೆಲಸ ಹಿಡಿದು, ಕೋರ, ಬೆಳ್ಳಾವಿ ಕಡೆ ಸೈಟು ಮಾಡಿಕೊಂಡು, ಇವತ್ತಲ್ಲ ನಾಳೆ ಗುದ್ದಲಿ ಪೂಜೆ ಮಾಡಬೇಕೆಂದಿರುವ ಮಕ್ಕಳಿಗೆ ನನ್ನದೊಂದು ಕಿವಿಮಾತು. ಸಾಲ ಎಲ್ಲಿ ಕಡಿಮೆ ಬಡ್ಡಿಗೆ ಸಿಗುತ್ತದೆ, ಯಾವ ಸಿಮೆಂಟ್ ಒಳ್ಳೆಯದು, ಮೇಸ್ತ್ರಿ ಚದರಕ್ಕೆ ಎಷ್ಟು ಕೇಳುತ್ತಾನೆ ಎಂದು ಹತ್ತು ಕಡೆ ವಿಚಾರಿಸುತ್ತೀರಿ. ವಿಚಾರಿಸಬೇಕಾದದ್ದೇ. ಆದರೆ ಪ್ಲಾನಿನ ಮಾತು ಬಂದಾಗ ಒಂದೇ ಸಂಜೆಯಲ್ಲಿ ಮುಗಿಸಿಬಿಡುತ್ತೀರಿ. ಹಾಳೆಯ ಮೇಲೆ ಒಂದು ಗೆರೆ ಅಳಿಸಿ ಇನ್ನೊಂದು ಎಳೆಯಲು ಖರ್ಚಿಲ್ಲ. ಪಾಯ ಎದ್ದ ಮೇಲೆ ಅದೇ ತಿದ್ದುಪಡಿಗೆ ಒಡೆಯುವ ಕೂಲಿ, ಮತ್ತೆ ಕಟ್ಟುವ ಕೂಲಿ ಎರಡೂ ಬೀಳುತ್ತವೆ. ಆರ್‌ಸಿಸಿ ಹಾಕಿದ ಮೇಲೆ ಎಷ್ಟೋ ತಪ್ಪುಗಳನ್ನು ಜೀವಮಾನವಿಡೀ ಸಹಿಸಿಕೊಳ್ಳುವುದೊಂದೇ ದಾರಿ.

ನಿಮ್ಮ ಅಜ್ಜಂದಿರಿಗೆ ಪ್ಲಾನಿನ ಹಾಳೆ ಬೇಕಿರಲಿಲ್ಲ. ಮುಂದೆ ಜಗಲಿ, ಪಡಸಾಲೆ, ನಡುಮನೆ, ಪಕ್ಕದಲ್ಲಿ ಕಾಳುಕಡ್ಡಿಯ ಕೋಣೆ, ಹಿಂದೆ ಅಡುಗೆಮನೆ, ಬಚ್ಚಲು, ಹಿತ್ತಲು. ದಪ್ಪನೆಯ ಮಣ್ಣಿನ ಗೋಡೆ, ಮೇಲೆ ಮಾಳಿಗೆಯೋ ಕಲ್ಲುಚಪ್ಪಡಿಯೋ. ಬೇಸಾಯದ ಬದುಕಿಗೆ ಹೊಂದುವಂತೆ ತಲೆಮಾರುಗಳು ತಿದ್ದಿ ತಂದ ಆಕಾರ ಅದು. 2014ರ ಸೆಪ್ಟೆಂಬರ್ 24ರಂದು ಪ್ರಧಾನಿಯವರು ವಸಂತನರಸಾಪುರದ ಫುಡ್ ಪಾರ್ಕ್ ಉದ್ಘಾಟಿಸಿದರು. ಅದರ ಆಚೀಚಿನ ವರ್ಷಗಳಲ್ಲಿ ಒಂದೊಂದಾಗಿ ಕಾರ್ಖಾನೆಗಳು ಬಂದವು, ಅವುಗಳೊಂದಿಗೆ ನಮ್ಮ ಮನೆಗಳೊಳಕ್ಕೆ ಶಿಫ್ಟೂ ಬಂತು. ಈಗ ಅಪ್ಪ ಹೊಲಕ್ಕೆ ಹೋಗುತ್ತಾನೆ, ಮಗ ರಾತ್ರಿ ಪಾಳಿಗೆ, ಸೊಸೆ ಬೆಳಗಿನ ಪಾಳಿಗೆ, ಮಗು ಸ್ಕೂಲ್ ಬಸ್ಸಿಗೆ. ಈ ಸಂಸಾರಕ್ಕೆ ಹಳೆಯ ಮನೆಯ ಮಾದರಿ ಒಂದೇ ಸಾಲದು. ಮೊಬೈಲಿನಲ್ಲಿ ಸಿಗುವ 30-40ರ ಪ್ಲಾನಿಗಂತೂ ನಿಮ್ಮ ಮನೆಯಲ್ಲಿ ಯಾರಿದ್ದಾರೆ ಎಂಬುದೇ ತಿಳಿಯದು. ಆದ್ದರಿಂದ ಪ್ಲಾನು ಎಲ್ಲಿಂದಲೇ ಬರಲಿ, ಅದನ್ನು ನಿಮ್ಮ ಮನೆಯವರ ದಿನಚರಿಗೆ ಹಚ್ಚಿ ತಿದ್ದಿರಿ.

ತಿದ್ದುವುದು ಹೇಗೆ? ಒಂದು ಗ್ರಾಫ್ ಹಾಳೆ ತನ್ನಿ. ಒಂದು ಚೌಕಕ್ಕೆ ಒಂದು ಅಡಿ ಲೆಕ್ಕ ಹಿಡಿದು ಪ್ಲಾನನ್ನು ಅದರ ಮೇಲೆ ಬರೆಯಿರಿ. ಮಂಚ, ಬೀರು, ಫ್ರಿಜ್, ವಾಷಿಂಗ್ ಮಷೀನ್, ಊಟದ ಮೇಜು, ಬೈಕು ಎಲ್ಲವನ್ನೂ ಅದೇ ಅಳತೆಗೆ ರಟ್ಟಿನಲ್ಲಿ ಕತ್ತರಿಸಿಕೊಂಡು ಇಟ್ಟು ನೋಡಿ. 10-10ರ ಮಲಗುವ ಕೋಣೆ ಎಂದು ಪ್ಲಾನಿನಲ್ಲಿದೆ ಎನ್ನಿ. ಮಂಚದ ಉದ್ದ ಆರೂವರೆ ಅಡಿ, ಅದರ ಕಾಲ್ದೆಸೆಯ ಗೋಡೆಗೆ ಎರಡು ಅಡಿಯ ಬೀರು. ಉಳಿಯುವುದು ಒಂದೂವರೆ ಅಡಿ. ಬೀರುವಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಮನುಷ್ಯ ಅಡ್ಡಡ್ಡ ನುಸುಳಬೇಕು. ಅದೇ ಬೀರುವನ್ನು ಪಕ್ಕದ ಗೋಡೆಗೆ ತಿರುಗಿಸಿ. ಐದು ಅಡಿ ಅಗಲದ ಮಂಚ, ಎರಡು ಅಡಿಯ ಬೀರು, ನಡುವೆ ಮೂರು ಅಡಿ ಓಡಾಟ. ಕೋಣೆ ದೊಡ್ಡದಾಗಲಿಲ್ಲ, ಅದರ ಬಾಗಿಲು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಯಿತು ಅಷ್ಟೇ. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಆ ಹತ್ತು ಅಡಿ ಗೋಡೆಯ ಒಳಮೈಯಿಂದಲೋ, ಗೋಡೆಯ ನಡುವಿನಿಂದಲೋ? ನಡುವಿನಿಂದ ಎಂದಾದರೆ ಆರಿಂಚಿನ ಗೋಡೆ, ಗಾರೆ ಕಳೆದು ನಿಮಗೆ ಸಿಗುವುದು ಒಂಬತ್ತೂವರೆ ಅಡಿಯೂ ಇಲ್ಲ.

ಆಮೇಲೆ ಆ ಹಾಳೆಯ ಮೇಲೆ ಒಂದು ದಿನ ಪೂರ್ತಿ ಬದುಕಿ ನೋಡಿ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗುವವನಿಂದ ಶುರುಮಾಡಿ, ಏಕೆಂದರೆ ಯಾರ ಪ್ಲಾನಿನಲ್ಲೂ ಅವನಿಗೆ ಜಾಗ ಇಟ್ಟಿರುವುದಿಲ್ಲ. ಅವನ ಕೋಣೆ ರಸ್ತೆಯ ಕಡೆ ಇದ್ದರೆ ಲಾರಿ ಸದ್ದು, ಹಾಲ್‌ಗೆ ಅಂಟಿಕೊಂಡಿದ್ದರೆ ಟಿವಿ ಸದ್ದು, ಅಡುಗೆಮನೆಗೆ ಅಂಟಿಕೊಂಡಿದ್ದರೆ ಮಿಕ್ಸಿ ಸದ್ದು. ದೊಡ್ಡ ಮಲಗುವ ಕೋಣೆ ನೈಋತ್ಯದಲ್ಲೇ ಇರಬೇಕು ಎಂದು ಹಿರಿಯರು ಹೇಳುತ್ತಾರೆ. ಮಧ್ಯಾಹ್ನದಿಂದ ಸಂಜೆಯವರೆಗಿನ ಬಿಸಿಲು ಬಡಿಯುವ ಮೂಲೆಯೂ ಅದೇ. ರಾತ್ರಿ ಮಲಗುವವರಿಗೆ ನಡೆದೀತು, ಹಗಲು ಮಲಗುವವನಿಗೆ ಏಪ್ರಿಲ್‌ನಲ್ಲಿ ಅದು ನರಕ. ಹಗಲು ನಿದ್ದೆಗೆ ಉತ್ತರದ ಕೋಣೆ ತಂಪು. ನೈಋತ್ಯವೇ ಬೇಕೆಂದರೆ ಪಡುವಣ ಗೋಡೆಗೆ ಬೀರು ಕಟ್ಟಿಸಿ, ಇಲ್ಲವೇ ಮೆಟ್ಟಿಲನ್ನು ಆ ಗೋಡೆಯ ಹೊರಗೆ ತನ್ನಿ. ಕಿಟಕಿಯನ್ನು ದಕ್ಷಿಣಕ್ಕೆ ಇಟ್ಟು ಎರಡು ಅಡಿ ಸಜ್ಜ ಬಿಡಿ. ಹಿರಿಯರ ಮಾತೂ ಉಳಿಯುತ್ತದೆ, ಮಗನ ನಿದ್ದೆಯೂ ಉಳಿಯುತ್ತದೆ.

ವಾಸ್ತುವಿನ ವಿಷಯದಲ್ಲಿ ಮನೆಯವರೊಂದಿಗೆ ಜಗಳಕ್ಕೆ ನಿಲ್ಲಬೇಡಿ. ಅದರಲ್ಲಿ ಬಿಸಿಲು ಗಾಳಿಯ ಅನುಭವವೂ ಇದೆ. ಆಗ್ನೇಯದ ಅಡುಗೆಮನೆಗೆ ಎಳೆಬಿಸಿಲು ಬೀಳುತ್ತದೆ. ಮಳೆಗಾಲದಲ್ಲಿ ಪಡುವಣ ಗಾಳಿ ಬೀಸಿದಾಗ ಒಗ್ಗರಣೆಯ ಘಾಟು ಮನೆಯೊಳಗೆ ತಿರುಗದೆ ಮೂಡಣಕ್ಕೆ ಹೋಗುತ್ತದೆ. ಇಂಥದ್ದನ್ನು ಸಂತೋಷದಿಂದ ಒಪ್ಪಿಕೊಳ್ಳಿ. ಆದರೆ ಆಯ ಕೂಡಿಸಬೇಕೆಂದು ಬಚ್ಚಲಿನ ಅಗಲ ಅರ್ಧ ಅಡಿ ಕಡಿಮೆ ಮಾಡಿ, ನಾಳೆ ಅಮ್ಮ ಅಲ್ಲಿ ತಿರುಗಲಾರದ ಹಾಗೆ ಮಾಡುವುದಕ್ಕೆ ಒಪ್ಪಬೇಡಿ. ಮನೆಯಲ್ಲಿರುವ ಮನುಷ್ಯರಿಗಿಂತ ಮಿಗಿಲಾದ ಆಯ ಇಲ್ಲ.

ಅಮ್ಮನ ಮಾತು ಬಂದದ್ದರಿಂದ ಹೇಳುತ್ತೇನೆ. ವಯಸ್ಸಾದಂತೆ ದಿನದಲ್ಲಿ ಹೆಚ್ಚು ಹೊತ್ತು ಮನೆಯೊಳಗೆ ಇರುವವರು ಅಪ್ಪ, ಅಮ್ಮ. ಪ್ಲಾನು ನೋಡಲು ಅವರನ್ನು ಕರೆಯದೆ ಮುಗಿಸಬೇಡಿ. ಅವರ ಕೋಣೆ ನೆಲಮಟ್ಟದಲ್ಲೇ ಇರಲಿ. ಮಂಚದಿಂದ ಶೌಚಾಲಯಕ್ಕೆ ರಾತ್ರಿ ಎಷ್ಟು ಹೆಜ್ಜೆ, ನಡುವೆ ಎಷ್ಟು ಮೆಟ್ಟಿಲು ಎಂದು ಹಾಳೆಯ ಮೇಲೆ ಬೆರಳಿಟ್ಟು ಎಣಿಸಿ. ಬಚ್ಚಲಿನ ಬಾಗಿಲು ಮೂರು ಅಡಿ ಇರಲಿ, ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ಅವರ ಮೈಗೇ ತಾಗಿ ನಿಲ್ಲುತ್ತದೆ. ಅಡುಗೆಮನೆಯಲ್ಲಿ ಅಮ್ಮನನ್ನೇ ಕೇಳಿ: ಕೂತು ಮುದ್ದೆ ತೊಳಸಲು ನೆಲದ ಜಾಗ ಬೇಕೇ, ಕಟ್ಟೆಯ ಎತ್ತರ ಎಷ್ಟಿರಬೇಕು, ಪಾತ್ರೆ ತೊಳೆಯುವುದು ಒಳಗೋ ಹೊರಗೋ? ಹೊಲ ಇನ್ನೂ ನಿಮ್ಮದೇ ಆಗಿದ್ದರೆ ರಾಗಿ ಚೀಲ, ಹುರುಳಿ, ತೆಂಗಿನಕಾಯಿ ಮನೆಗೆ ಬಂದೇ ಬರುತ್ತವೆ. ಐದಡಿ-ಆರಡಿಯ ಉಗ್ರಾಣ ಪ್ಲಾನಿನಲ್ಲಿ ಇಲ್ಲದಿದ್ದರೆ ಅವೆಲ್ಲ ಮಕ್ಕಳು ಓದುವ ಕೋಣೆಗೆ ನುಗ್ಗುತ್ತವೆ.

ಮೆಟ್ಟಿಲನ್ನು ಪ್ಲಾನಿನಲ್ಲಿ ಗೀರಿ ತೋರಿಸಿ ಬಿಟ್ಟರೆ ನಂಬಬೇಡಿ, ಲೆಕ್ಕ ಕೇಳಿ. ನೆಲದಿಂದ ಮೇಲಿನ ನೆಲಕ್ಕೆ ಹತ್ತು ಅಡಿ, ಅಂದರೆ 120 ಇಂಚು. ಒಂದೊಂದು ಮೆಟ್ಟಿಲು ಆರು ಇಂಚು ಎತ್ತರವಾದರೆ 20 ಏರು ಬೇಕು. ಎರಡು ಭಾಗ ಮಾಡಿದರೆ ಒಂದೊಂದರಲ್ಲಿ ಕಾಲಿಡುವ ಮೆಟ್ಟಿಲು ಒಂಬತ್ತು. ಹತ್ತಿಂಚಿನಂತೆ 90 ಇಂಚು, ತಿರುಗಲು ಮೂರು ಅಡಿ. ಒಟ್ಟು ಹತ್ತೂವರೆ ಅಡಿ ಉದ್ದ. ಪ್ಲಾನಿನಲ್ಲಿ ಎಂಟೇ ಅಡಿ ಬಿಟ್ಟಿದ್ದರೆ ಕಾಲಿಡುವ ಜಾಗ ಏಳು ಇಂಚಿಗೂ ಕಡಿಮೆಯಾಗುತ್ತದೆ. ಬಟ್ಟೆ ಒಣಹಾಕಲು ಬಕೆಟ್ ಹಿಡಿದು ದಿನಾ ಹತ್ತುವವರು ಜಾರುವುದು ಇಂಥ ಕಡೆಯೇ. ನಮ್ಮ ಭಾಗದಲ್ಲಿ ಹೊರರಾಜ್ಯಗಳಿಂದ ಬಂದ ಕೆಲಸಗಾರರಿಗೆ ಬಾಡಿಗೆ ಮನೆ ಬೇಕು. ಮುಂದೆ ಮಹಡಿ ಕಟ್ಟಿ ಬಾಡಿಗೆಗೆ ಕೊಡುವ ಆಸೆಯಿದ್ದರೆ ಮೆಟ್ಟಿಲು ಈಗಲೇ ಹೊರಗಿರಲಿ, ನಿಮ್ಮ ಹಾಲ್ ದಾಟಿ ಯಾರೂ ಮೇಲೆ ಹೋಗುವಂತಾಗಬಾರದು. ಮೇಲಿನ ಬಚ್ಚಲು ಕೆಳಗಿನ ಬಚ್ಚಲಿನ ಮೇಲೆಯೇ ಬರಲಿ. ಎಷ್ಟು ಮಹಡಿಯ ಭಾರ ಎಂಬುದನ್ನು ಪಾಯಕ್ಕೆ ಮೊದಲೇ ಎಂಜಿನಿಯರ್‌ಗೆ ಹೇಳಿ, ಕಂಬ, ಕಂಬಿಯ ಲೆಕ್ಕ ಅವರಿಂದಲೇ ಬರಲಿ.

ಇನ್ನು ನೀರು. ಬೋರ್‌ವೆಲ್ ನಂಬಿ ಕೂರುವ ಸೀಮೆ ನಮ್ಮದಲ್ಲ. 30-40ರ ಸೈಟಿನಲ್ಲಿ ಮುಂದೆ ಐದು ಅಡಿ, ಉಳಿದ ಮೂರು ಕಡೆ ಮೂರು ಮೂರು ಅಡಿ ಬಿಟ್ಟರೆ 24-32ರ ಮನೆ, 768 ಚದರಡಿ ತಾರಸಿ, ಅಂದರೆ ಸುಮಾರು 71 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 600 ಮಿ.ಮೀ. ಮಳೆ ಸುರಿದರೆ 42,000 ಲೀಟರಿಗೂ ಹೆಚ್ಚು. ಪೋಲಾಗುವುದನ್ನು ಕಳೆದರೂ 30,000 ಲೀಟರ್ ಮೀರಿ ಕೈಗೆ ಬರುತ್ತದೆ. ಬೆಂಗಳೂರಿನ ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು 1995ರಲ್ಲಿ ಕಟ್ಟಿಕೊಂಡ ‘ಸೌರಭ’ ಮನೆ ಮಳೆನೀರನ್ನೇ ನೆಚ್ಚಿ ಬಾಳಿ ತೋರಿಸಿತು. ಅದಕ್ಕೆ ಬೇಕಾದ್ದು ತಾರಸಿಯ ಇಳಿಜಾರು ಒಂದೇ ಕಡೆಗೆ, ಇಳಿಕೊಳವೆ, ಸೋಸುವ ಡ್ರಮ್ಮು, ಸಂಪು ಎಲ್ಲ ಒಂದೇ ಸಾಲಿಗೆ ಬರುವ ಹಾಗೆ ಮೊದಲೇ ಗೆರೆ ಎಳೆಯುವುದು. ಮನೆ ಮುಗಿದ ಮೇಲೆ ನೆಲ ಅಗೆದು ಪೈಪು ಎಳೆಯುವ ಉತ್ಸಾಹ ಯಾರಿಗೂ ಇರುವುದಿಲ್ಲ.

ಹಾಳೆಯ ಮೇಲೆ ಎಲ್ಲ ಒಪ್ಪಿತವಾದ ಮೇಲೆ ಸೈಟಿನಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕಿಸಿ. ಬಯಲಿನಲ್ಲಿ ಕೋಣೆಗಳು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತವೆ, ಗಾಬರಿಯಾಗಿ ಅಲ್ಲೇ ಒಂದು ಅಡಿ ಹೆಚ್ಚಿಸಲು ಹೋಗಬೇಡಿ. ನೀವು ಈಗ ಇರುವ ಮನೆಯ ಕೋಣೆಗಳನ್ನು ಟೇಪು ಹಿಡಿದು ಅಳೆದುಕೊಂಡು ಬಂದು ಹೋಲಿಸಿ. ಗೆರೆಯ ಒಳಗೆ ಕುರ್ಚಿ ಹಾಕಿ ಅಪ್ಪನನ್ನು ಕೂರಿಸಿ, ಅಮ್ಮನನ್ನು ಅಡುಗೆಮನೆಯಿಂದ ಹಾಲ್‌ಗೆ ನಡೆಸಿ. ಸೈಟಿನ ಇ-ಸ್ವತ್ತು, ಪಂಚಾಯಿತಿಯ ಅನುಮತಿ ಎರಡೂ ಕೈಯಲ್ಲಿರುವುದನ್ನು ನೋಡಿಕೊಳ್ಳಿ. ಅನುಮತಿ ಪಡೆದ ಪ್ಲಾನು, ಮೇಸ್ತ್ರಿ ಕೈಯಲ್ಲಿರುವ ಪ್ಲಾನು ಒಂದೇ ಆಗಿರಲಿ.

ಬೀದಿಗೆ ಕಾಣುವ ಎಲಿವೇಶನ್‌ಗಾಗಿ ದುಡ್ಡು ಸುರಿದು, ಒಳಗೆ ಗಾಳಿಯಿಲ್ಲದ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ. ಗೃಹಪ್ರವೇಶಕ್ಕೆ ಬಂದವರು ಉಂಡು, ಹೊಗಳಿ ಅದೇ ಸಂಜೆ ಹೊರಟುಹೋಗುತ್ತಾರೆ. ಸಾಲದ ಕಂತು ಕಟ್ಟುತ್ತಾ ವರ್ಷಗಟ್ಟಲೆ ಒಳಗಿರುವವರು ನೀವು. ಆದ್ದರಿಂದ ಮುಹೂರ್ತ ಒಂದು ತಿಂಗಳು ಮುಂದಕ್ಕೆ ಹೋದರೂ ಹೋಗಲಿ, ಪ್ಲಾನು ಮನೆಯವರೆಲ್ಲರಿಗೂ ಒಪ್ಪಿಗೆಯಾದ ಮೇಲೆಯೇ ಗುದ್ದಲಿ ಎತ್ತಿ.