ಹಳೆ ವಿಂಚೆಸ್ಟರ್ ಕೊಳ್ಳುವ ಮುನ್ನ

ಅಮೆರಿಕದಲ್ಲಿ ನೆಲೆಸಿ, ಜಿಂಕೆ ಬೇಟೆಗೆ ಲೈಸೆನ್ಸ್ ಮಾಡಿಸಿಕೊಂಡು, ಹಳೆಯ ವಿಂಚೆಸ್ಟರ್ 94 ಲಿವರ್ ರೈಫಲ್ ಮೇಲೆ ಕಣ್ಣಿಟ್ಟಿದ್ದೀರಾ? ಹೊಳಪಿಗೆ ಮರುಳಾಗಬೇಡಿ. ಮೊದಲು ಲಿವರ್ ಎಳೆದು ಚೇಂಬರ್ ಖಾಲಿ ಇದೆಯೇ ನೋಡಿ. ನಳಿಗೆಯ ಕೆಳಗಿನ ಕೊಳವೆ ಮ್ಯಾಗಜಿನ್‌ನಲ್ಲೂ ತೋಟಾ ಅಡಗಿರಬಹುದು.

ಆಮೇಲೆ ನಳಿಗೆಯ ಬಾಯಿ. ಈ ಮಾದರಿಯಲ್ಲಿ ಹಿಂದಿನಿಂದ ಸ್ವಚ್ಛಮಾಡುವ ಸಲಾಕೆ ಹಾಕಲು ದಾರಿಯಿಲ್ಲ, ಹಾಗಾಗಿ ಬಾಯಿಯಿಂದಲೇ ತೂರಿಸಿ ಉಜ್ಜಿರುತ್ತಾರೆ. ವರ್ಷಗಟ್ಟಲೆ ಉಜ್ಜಿ ಅಂಚಿನ ಸುರುಳಿಗೆರೆ ಸವೆದರೆ ಗುರಿ ಚದುರುತ್ತದೆ. ಟಾರ್ಚ್ ಬೆಳಕು ಬಿಟ್ಟು ನೋಡಿ. ಒಂದು ಪಕ್ಕದಲ್ಲಷ್ಟೇ ಗೆರೆ ಮಾಸಿದ್ದರೆ ಚೌಕಾಸಿಗೆ ಅದೇ ಸಾಕು. ಗನ್‌ಸ್ಮಿತ್ ಆ ಅಂಚನ್ನು ಹೊಸದಾಗಿ ಕಡೆದುಕೊಡುತ್ತಾನೆ. (ಇದೇ ಬಗೆಯ ಮಾರ್ಲಿನ್ 336 ರೈಫಲ್ಲಿನಲ್ಲಿ ಲಿವರ್‌ನ ಒಂದು ಸ್ಕ್ರೂ ಬಿಚ್ಚಿದರೆ ಬೋಲ್ಟ್ ಈಚೆ ಬರುತ್ತದೆ, ಹಿಂದಿನಿಂದಲೇ ಉಜ್ಜಬಹುದು, ಈ ಗೋಳಿಲ್ಲ.)

ಸ್ಕ್ರೂ ತಲೆಗಳು ಕಿತ್ತುಹೋಗಿದ್ದರೆ ಯಾರೋ ಅರೆಬರೆ ಕೈಯಾಡಿಸಿದ್ದಾರೆಂದೇ ಲೆಕ್ಕ. ನೀವು ಬಿಚ್ಚುವಾಗ ಸೀಳಿನಲ್ಲಿ ಬಿಗಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ. ಸೋತ ಮ್ಯಾಗಜಿನ್ ಸ್ಪ್ರಿಂಗ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಆದರೆ ಲಿವರ್ ಮುಚ್ಚಿದಾಗ ಹಿಂದಿನ ಲಾಕಿಂಗ್ ಬೋಲ್ಟ್ ಪೂರ್ತಿ ಮೇಲೇರದಿದ್ದರೆ ಅದನ್ನು ಮುಟ್ಟಲೂ ಹೋಗಬೇಡಿ, ಗುಂಡೂ ಹಾರಿಸಬೇಡಿ. ಗೇಜ್ ಇಟ್ಟು ಹೆಡ್‌ಸ್ಪೇಸ್ (ಬೋಲ್ಟ್ ಮುಖದಿಂದ ಚೇಂಬರಿನಲ್ಲಿ ತೋಟಾ ತಡೆದು ನಿಲ್ಲುವ ಜಾಗದವರೆಗಿನ ಅಂತರ) ಅಳೆಯಬಲ್ಲ ಗನ್‌ಸ್ಮಿತ್‌ಗೆ ಒಪ್ಪಿಸಿ.