ಸೋತ ಪಂದ್ಯದ ಲೆಕ್ಕ

ಈ ವರ್ಷ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಬೈಲಹೊಂಗಲದಿಂದ ಕಿತ್ತೂರಿಗೆ ಹೋಗಿ 1-2 ಗೋಲುಗಳಿಂದ ಸೋತು ಬಂದುದು ವಿದ್ಯಾರ್ಥಿ ಮಿತ್ರರೆಲ್ಲರಿಗೂ ತಿಳಿದ ಸಂಗತಿ. ಯಾಕೆ ಸೋತೆವೆಂಬುದೂ ಎಲ್ಲರಿಗೂ ತಿಳಿದಿದೆ. ಕೊನೆಯ ಗೋಲು ನಮ್ಮ ಗೋಲ್‌ಕೀಪರನ ಎರಡು ಕಾಲುಗಳ ನಡುವಿನಿಂದ ನುಸುಳಿ ಹೋಯಿತು. ಈ ಮಾತನ್ನು ಕ್ಯಾಂಟೀನಿನಲ್ಲಿ ಕೇಳಿದ್ದೇನೆ, ಗ್ರಂಥಾಲಯದ ಪಾವಟಿಗೆಗಳ ಮೇಲೆ ಕೇಳಿದ್ದೇನೆ, ಬಸ್ ನಿಲ್ದಾಣದಲ್ಲಿ ಪಂದ್ಯವನ್ನು ನೋಡದವರ ಬಾಯಿಂದಲೂ ಕೇಳಿದ್ದೇನೆ. ಆದರೆ ಆ ಮಾತನ್ನು ಮೊಟ್ಟಮೊದಲು ಆಡಿದವನು ನಾನು. ಆಟ ಮುಗಿದು ಟೆಂಪೋ ಹತ್ತುವಾಗ, ಹತ್ತು ಜನರ ಎದುರಿಗೆ, "ನಿನ್ನ ಸಲುವಾಗಿ ಸೋತ್ವಿ ನೋಡಲೇ" ಎಂದು ಅವನಿಗೆ ಅಂದೆ. ಅವನು ಮರುಮಾತಾಡಲಿಲ್ಲ. ಮರುದಿನದಿಂದ ಅಭ್ಯಾಸಕ್ಕೂ ಬರಲಿಲ್ಲ.

ಆದುದರಿಂದ ಈ ಲೇಖನ ಬರೆಯುವ ಹೊಣೆ ನನ್ನ ಮೇಲೆಯೇ ಬಂದಿದೆ. ಒಂದು ತಂಡದ ಬಲವೇನು, ದೌರ್ಬಲ್ಯವೇನು ಎಂಬುದನ್ನು ಆಟವಾದ ಬಳಿಕ ಹೇಗೆ ತೂಗಿ ನೋಡಬೇಕೆಂಬುದು ಇದರ ವಿಷಯ. ನನಗೆ ಇದನ್ನು ಕಲಿಸಿದ್ದು ಒಂದು ಇನ್ನೂರು ಪುಟದ ನೋಟುಬುಕ್ಕು.

ಆ ನೋಟುಬುಕ್ಕು ಹುಟ್ಟಿದ್ದು ಹೀಗೆ. ಸವದತ್ತಿಯಿಂದ ದಿನಾಲು ಬಸ್ಸಿಗೆ ಬರುವ ನಮ್ಮ ಒಬ್ಬ ಫಾರ್ವರ್ಡ್ ಆಟಗಾರ ಪಂದ್ಯದ ನಾಲ್ಕು ದಿನ ಮೊದಲು ಕಾಲು ಉಳುಕಿಸಿಕೊಂಡ. ಆಡಲಿಕ್ಕೆ ಬರುವಂತಿರಲಿಲ್ಲ. ಸುಮ್ಮನೆ ಕೂಡ್ರಲಿಕ್ಕೂ ಅವನಿಗೆ ಮನಸ್ಸಿಲ್ಲ. ಮೈದಾನದ ಚಿತ್ರ ಬರೆದು, ಅದನ್ನು ಅಡ್ಡಲಾಗಿ ಮೂರು ಪಾಲು ಮಾಡಿ, ನಾವು ಎಲ್ಲಿ ಚೆಂಡು ಕಳೆದುಕೊಂಡೆವು, ಎಲ್ಲಿಂದ ಗೋಲಿಗೆ ಹೊಡೆದೆವು ಎಂಬುದನ್ನು ನಿಮಿಷದ ಸಹಿತ ಗೆರೆ ಹಾಕುತ್ತ ಹೋದ. ಯಾರು ಕಳೆದರು ಎಂದು ಬರೆಯಲಿಲ್ಲ. ಹೆಸರು ಬರೆದರೆ ಜಗಳಾಗುತ್ತದೆ ಎಂಬುದೊಂದೇ ಅವನ ಕಾರಣ. ಆದರೆ ಅರಿಯದೆ ಅವನು ಮಾಡಿದ ಈ ಕೆಲಸವೇ ಆ ಪುಸ್ತಕದ ದೊಡ್ಡ ಗುಣವಾಯಿತೆಂದು ಈಗ ನನಗನಿಸುತ್ತದೆ.

ಇಂಥ ಲೆಕ್ಕ ಇಡುವುದು ಹೊಸದೇನೂ ಅಲ್ಲ. ಇಂಗ್ಲಂಡಿನ ವಾಯುಸೇನೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದ ಚಾರ್ಲ್ಸ್ ರೀಪ್ ಎಂಬವನು 1950ರ ಮಾರ್ಚಿಯಲ್ಲಿ ಸ್ವಿಂಡನ್ ಊರಿನ ಒಂದು ಪಂದ್ಯವನ್ನು ನೋಡುತ್ತಿದ್ದಾಗ ಬೇಸತ್ತು, ಕಿಸೆಯಿಂದ ಪೆನ್ಸಿಲ್ ತೆಗೆದು ಆಟವನ್ನು ಬರೆದುಕೊಳ್ಳಲಾರಂಭಿಸಿದ. ಮುಂದೆ 1968ರಲ್ಲಿ ಬರ್ನಾರ್ಡ್ ಬೆಂಜಮಿನ್ ಎಂಬ ಸಂಖ್ಯಾಶಾಸ್ತ್ರಜ್ಞನ ಜೊತೆಗೂಡಿ ತನ್ನ ಲೆಕ್ಕವನ್ನು ಪ್ರಕಟಿಸಿದ. ಅದರಲ್ಲಿ ಎರಡು ಮಾತು ಮುಖ್ಯ. ಸುಮಾರು ಹತ್ತು ಹೊಡೆತಕ್ಕೆ ಒಂದು ಗೋಲು ಆಗುತ್ತದೆ ಎಂಬುದು ಒಂದು. ಗೋಲುಗಳಲ್ಲಿ ಬಹುಪಾಲು ಮೂರು ಅಥವಾ ಅದಕ್ಕೂ ಕಡಿಮೆ ಪಾಸುಗಳಿಂದ ಬರುತ್ತವೆ ಎಂಬುದು ಇನ್ನೊಂದು.

ಮೊದಲನೆಯ ಮಾತು ನಮಗೆ ಕೂಡಲೆ ಉಪಯೋಗಕ್ಕೆ ಬಂತು. "ನಾವು 14 ಸಲ ಹೊಡೆದರೂ ಒಂದೇ ಗೋಲು, ಅವರು 6 ಸಲ ಹೊಡೆದು ಎರಡು, ದೈವವೇ ಇರಲಿಲ್ಲ" ಎಂದು ನಮ್ಮ ಫಾರ್ವರ್ಡುಗಳು ಅನ್ನುತ್ತಿದ್ದರು. 14ಕ್ಕೆ ಒಂದು ಎಂಬುದು ಅಂಥ ದೌರ್ಭಾಗ್ಯವೇನಲ್ಲ. ಅದೂ ಅಲ್ಲದೆ ನೋಟುಬುಕ್ಕಿನ ಪ್ರಕಾರ ಆ 14ರಲ್ಲಿ 10 ಪೆನಲ್ಟಿ ಗೆರೆಯ ಹೊರಗಿನಿಂದ ಹೊಡೆದವು. ದೂರದಿಂದ ಹೊಡೆದದ್ದು ಕಣ್ಣಿಗೆ ಚಂದ, ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಲೆಕ್ಕದಲ್ಲಿ ಅದರ ಬೆಲೆ ತೀರ ಕಡಿಮೆ.

ಎರಡನೆಯ ಮಾತು ಮಾತ್ರ ಬಹಳ ಜನರನ್ನು ದಾರಿ ತಪ್ಪಿಸಿತು. ಪಾಸು ಕಡಿಮೆ ಮಾಡಿ, ಚೆಂಡನ್ನು ಎತ್ತಿ ಮುಂದಕ್ಕೆ ಒದೆಯಿರಿ ಎಂದು ಇಂಗ್ಲಂಡಿನಲ್ಲಿ ಕೆಲವರು ಅದರಿಂದ ಪಾಠ ತೆಗೆದರು. ಇದರ ತಪ್ಪನ್ನು ನಮ್ಮ ಕಾಲೇಜಿನ ಉದಾಹರಣೆಯಿಂದಲೇ ತಿಳಿಯಬಹುದು. ಪರೀಕ್ಷೆಯಲ್ಲಿ ನಪಾಸಾದವರಲ್ಲಿ ಬಹುಪಾಲು ಬಸ್ಸಿಗೆ ಬರುವವರು ಎಂದು ಯಾರಾದರೂ ಹೇಳಿದರೆ, ಬಸ್ಸಿನಲ್ಲಿ ಬಂದರೆ ನಪಾಸಾಗುತ್ತಾರೆಂದು ಅರ್ಥವೆ? ಕಾಲೇಜಿಗೆ ಬರುವವರಲ್ಲಿಯೇ ಬಹುಪಾಲು ಬಸ್ಸಿನವರು, ಪಾಸಾದವರೂ ಅವರೇ. ಹಾಗೆಯೇ ಆಟದಲ್ಲಿ ಚೆಂಡು ಕೈಗೆ ಬಂದಾಗಲೆಲ್ಲ ಮೂರು ಪಾಸಿನೊಳಗೇ ಮುರಿದುಬೀಳುವುದು ಹೆಚ್ಚು. ಗೋಲುಗಳೂ ಅವುಗಳಲ್ಲಿಯೇ ಹೆಚ್ಚು ಕಾಣುವುದು ಸಹಜ. 2005ರಲ್ಲಿ ಹ್ಯೂಸ್ ಮತ್ತು ಫ್ರ್ಯಾಂಕ್ಸ್ ಎಂಬಿಬ್ಬರು ಈ ಲೆಕ್ಕವನ್ನು ಸರಿಪಡಿಸಿ, ಒಳ್ಳೆಯ ತಂಡಗಳಲ್ಲಿ ಹೆಚ್ಚು ಪಾಸುಗಳ ಆಟವೇ ಪ್ರತಿ ಸರದಿಗೆ ಹೆಚ್ಚು ಗೋಲು ತರುತ್ತದೆಂದು ತೋರಿಸಿದರು. ಎಣಿಸುವುದು ಸುಲಭ, ಯಾತರ ಪೈಕಿ ಎಷ್ಟು ಎಂದು ಕೇಳುವುದು ಬೇರೆ ಕೆಲಸ.

ಇನ್ನು ನಮ್ಮ ತಂಡದ ಗುಣದೋಷಕ್ಕೆ ಬರುತ್ತೇನೆ. ನಮ್ಮಲ್ಲಿ ಶಾಲೆಯಿಂದಲೇ ಫುಟ್‌ಬಾಲ್ ಆಡುತ್ತ ಬಂದವರು ಇಬ್ಬರೇ. ಉಳಿದವರು ಊರಲ್ಲಿ ಕಬಡ್ಡಿ, ಖೋ-ಖೋ ಆಡಿದವರು; ಒಬ್ಬನಂತೂ ಗರಡಿಮನೆಯ ಮಣ್ಣು ಮೈಗೆ ಹಚ್ಚಿಕೊಂಡೇ ಬೆಳೆದವನು. ಇದು ನಮ್ಮ ಬಲ. ಭುಜಕ್ಕೆ ಭುಜ ಕೊಟ್ಟು ಚೆಂಡು ಕಸಿದುಕೊಳ್ಳುವಲ್ಲಿ ಎದುರಿನವರು ನಮ್ಮ ಸಮಕ್ಕೆ ಬರಲಿಲ್ಲ. ನಮ್ಮ ಬಲಗಡೆಯ ಓಟಗಾರ ನಿಂತಲ್ಲಿಂದ ಮೊದಲ ನಾಲ್ಕು ಹೆಜ್ಜೆ ಕೀಳುವ ಚುರುಕನ್ನು ಖೋ-ಖೋದಿಂದ ತಂದಿದ್ದಾನೆ. 22ನೆಯ ನಿಮಿಷದಲ್ಲಿ ನಮಗೆ ಕಾರ್ನರ್ ದೊರೆತು ಗೋಲಾದದ್ದು ಅವನಿಂದ.

ಆದರೆ ಬಲವೇ ದೋಷವಾಗುವುದೂ ಉಂಟು. ಕಬಡ್ಡಿಯ ಅಂಗಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅದರ ಅರ್ಧದಲ್ಲಿ, ಎಂದರೆ 65 ಚದರ ಮೀಟರಿನಲ್ಲಿ, ಏಳು ಜನ ನಿಲ್ಲುತ್ತಾರೆ. ಒಬ್ಬೊಬ್ಬನ ಪಾಲಿಗೆ 9 ಚದರ ಮೀಟರ್. ದಾಳಿಗೆ ಬಂದವನನ್ನು ಎಲ್ಲರೂ ಸುತ್ತುವರಿದರೆ ಅವನಿಗೆ ಹೋಗಲು ಜಾಗವೇ ಇಲ್ಲ. 105 ಮೀಟರ್ ಉದ್ದ, 68 ಮೀಟರ್ ಅಗಲದ ಪೂರ್ಣ ಫುಟ್‌ಬಾಲ್ ಮೈದಾನದಲ್ಲಿ ನಮ್ಮ ಅರ್ಧವನ್ನು ಹನ್ನೊಂದು ಜನಕ್ಕೆ ಹಂಚಿದರೂ ಒಬ್ಬನಿಗೆ ಸುಮಾರು 325 ಚದರ ಮೀಟರ್ ಬರುತ್ತದೆ. ಇಲ್ಲಿ ನಾಲ್ವರು ಕೂಡಿ ಒಬ್ಬನ ಮೇಲೆ ಬಿದ್ದರೆ ಆಚೆಯ ಬದಿ ಹೊಲದಷ್ಟು ಬಯಲು. ಅವರ ಮೊದಲನೆಯ ಗೋಲು ಆದದ್ದು ಹೀಗೆಯೇ. 51ನೆಯ ನಿಮಿಷದಲ್ಲಿ ಕಾರ್ನರ್ ನಮ್ಮದು. ಎಂಟು ಜನ ಮೇಲೇರಿ ಹೋಗಿದ್ದೆವು. ಚೆಂಡು ಹಿಂದಕ್ಕೆ ಬಂತು. ಹಿಂದೆ ಉಳಿದ ಇಬ್ಬರೂ, ದಾಳಿಗಾರನನ್ನು ಹಿಡಿಯುವವರಂತೆ, ಚೆಂಡಿದ್ದವನ ಮೇಲೆಯೇ ನುಗ್ಗಿದರು. ಅವನು ಬದಿಗೆ ತಳ್ಳಿದ. ಅಲ್ಲಿ ನಮ್ಮವರು ಯಾರೂ ಇರಲಿಲ್ಲ.

ನೆಲದ ಮಾತೂ ಇದೆ. ನಾವು ಅಭ್ಯಾಸ ಮಾಡುವುದು ಎರೆಮಣ್ಣಿನ ಮೇಲೆ. ಅಲ್ಲಿ ಚೆಂಡು ಬೇಗ ನಿಲ್ಲುತ್ತದೆ. ಆ ದಿನ ಆಡಿದ್ದು ಗರಸಿನ ಗಟ್ಟಿ ನೆಲ. ನಮ್ಮ ಪಾಸುಗಳು ಕೊಡಬೇಕಾದವನನ್ನು ದಾಟಿ ಓಡುತ್ತಿದ್ದವು. ಅರ್ಧ ತಾಸು ಮೊದಲು ಹೋಗಿ ನೆಲ ನೋಡಿಕೊಂಡಿದ್ದರೆ ಇದು ತಿಳಿಯುತ್ತಿತ್ತು.

ಎಲ್ಲಕ್ಕೂ ಮಿಗಿಲಾಗಿ ನನ್ನನ್ನು ಬೆರಗುಗೊಳಿಸಿದ್ದು ನಿಮಿಷಗಳ ಲೆಕ್ಕ. ಪಂದ್ಯ ಒಟ್ಟು 70 ನಿಮಿಷ. ನಮ್ಮ ಗೋಲಿನ ಕಡೆಯ ಮೂರನೆಯ ಪಾಲಿನಲ್ಲಿ ನಾವು ಚೆಂಡು ಕಳೆದುಕೊಂಡದ್ದು ಪೂರ್ವಾರ್ಧದಲ್ಲಿ 4 ಸಲ, ಉತ್ತರಾರ್ಧದಲ್ಲಿ 13 ಸಲ. ಆ 13ರಲ್ಲಿ 9 ಕೊನೆಯ ಇಪ್ಪತ್ತು ನಿಮಿಷಗಳಲ್ಲಿ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ರಾಮದುರ್ಗ, ಸವದತ್ತಿ ಕಡೆಯವರು ನಸುಕಿನ ಬಸ್ಸು ಹಿಡಿದು ಬಂದವರು. ಬಸ್ ನಿಲ್ದಾಣದಲ್ಲಿ ಸುಸಲಾ, ಮಿರ್ಚಿ ಭಜಿ ತಿಂದು ಚಹಾ ಕುಡಿದದ್ದೇ ಅವರ ಊಟ. ಕಬಡ್ಡಿಯ ದಾಳಿ 30 ಸೆಕೆಂಡಿನಲ್ಲಿ ಮುಗಿಯುತ್ತದೆ. ಆ ಉಸಿರು ನಮಗಿದೆ. ತಾಸಿನ ಮೇಲೆಯೂ ಉಳಿಯುವ ಉಸಿರು ಬೇರೆ, ಅದು ನಮಗಿಲ್ಲ.

ಈಗ ಗೋಲ್‌ಕೀಪರನ ವಿಷಯ. ಗೋಲಿನ ಅಗಲ 24 ಅಡಿ. 36 ಅಡಿ ದೂರದಲ್ಲಿ, ನಟ್ಟನಡುವೆ, ಎದುರಾಳಿ ಚೆಂಡು ಹಿಡಿದು ಒಬ್ಬನೇ ಬಂದನೆನ್ನಿ. ಕೀಪರನು ಗೆರೆಯ ಮೇಲೆಯೇ ನಿಂತರೆ 24 ಅಡಿಯನ್ನೂ ಕಾಯಬೇಕು. 18 ಅಡಿ ಮುಂದೆ ಬಂದರೆ, ಹತ್ತನೆಯ ಇಯತ್ತೆಯ ಸಮರೂಪ ತ್ರಿಭುಜದ ನಿಯಮದಂತೆ, 12 ಅಡಿ ಕಾದರೆ ಸಾಕು. ಆದುದರಿಂದ ಮುಂದೆ ಬರುವುದೇ ಸರಿ. ಆದರೆ ಹಾಗೆ ಕಾಲು ಅಗಲಿಸಿ ಬರುವವನ ಕಾಲ ನಡುವಿನಿಂದ ಚೆಂಡು ಹೋಗುವ ಸಂಭವವೂ ಇದ್ದೇ ಇದೆ. ಗೆರೆಯ ಮೇಲೆ ನಿಂತು ಮೂಲೆಗೆ ಗೋಲು ಬಿಟ್ಟಿದ್ದರೆ ಯಾರೂ ನಗುತ್ತಿರಲಿಲ್ಲ. ಸರಿಯಾದುದನ್ನು ಮಾಡಿ ಸೋತದ್ದರಿಂದ ನಗೆಗೀಡಾದ. ಗೋಲಿನೊಳಗೆ ಹೋಗುತ್ತಿದ್ದ ಅವರ ಐದು ಹೊಡೆತಗಳಲ್ಲಿ ಮೂರನ್ನು ಅವನು ತಡೆದಿದ್ದ. ಅದು ಯಾರಿಗೂ ನೆನಪಿಲ್ಲ. ಆ ಕೊನೆಯ ಹೊಡೆತಕ್ಕೆ ಮೂಲವೇನೆಂದು ಪುಸ್ತಕ ತಿರುವಿದೆ. "64. ನಮ್ಮ ಪಾಲು, ಎಡಗಡೆ. ಅಡ್ಡ ಪಾಸು, ನಡುವೆ ಕಡಿದರು." ಹೆಸರಿಲ್ಲ. ಹೆಸರು ಬೇಕಾಗಿಯೂ ಇರಲಿಲ್ಲ. ಎಡಗಡೆಯ ಬ್ಯಾಕ್ ನಾನು. ನನ್ನ ಗೋಲಿನ ಮುಂದೆಯೇ ಅಡ್ಡ ಪಾಸು ಕೊಟ್ಟವನು ನಾನು.

ಸೋಲಿಗೆ ಒಬ್ಬನನ್ನು ಹುಡುಕುವುದು ನಮ್ಮ ಸೀಮೆಗೆ ಹೊಸದಲ್ಲ. 1824ರ ಅಕ್ಟೋಬರ್ 23ರಂದು ಥ್ಯಾಕರೆಯನ್ನು ಕೆಡವಿ ಗೆದ್ದ ಕಿತ್ತೂರು ಡಿಸೆಂಬರಿನಲ್ಲಿ ಬಿದ್ದುದೇಕೆ ಎಂದು ಯಾರನ್ನಾದರೂ ಕೇಳಿರಿ; ಮದ್ದಿನಲ್ಲಿ ಸೆಗಣಿ ಬೆರೆಸಿದ ದ್ರೋಹಿಗಳ ಕಥೆ ಬರುತ್ತದೆ. ಎರಡನೆಯ ಸಲ ಬಂದ ಸೈನ್ಯ ಮೊದಲಿನದಕ್ಕಿಂತ ಎಷ್ಟೋ ಪಾಲು ದೊಡ್ಡದಾಗಿತ್ತೆಂಬ ಮಾತು ಬರುವುದು ಅಪರೂಪ. ಚೆನ್ನಮ್ಮನ ಸಮಾಧಿ ಇರುವ ಊರಿನಲ್ಲಿ ಓದುವ ನಾವೇ ಅದನ್ನು ಕೇಳುವುದಿಲ್ಲ. ಫುಟ್‌ಬಾಲಿನಲ್ಲಿಯೂ ಹಾಗೆಯೇ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸಿಗೆ 1-2ರಿಂದ ಸೋತಿತು. ನಮ್ಮದೇ ಅಂಕ! ನಮ್ಮ ಕಡೆಯ ಗೋಲು ಹೊಡೆದವನು ಮೈಸೂರು ತಂಡದ ಸಾರಂಗಪಾಣಿ ರಾಮನ್. ಜನ ನೆನೆಯುವುದು ಮಾತ್ರ ಕಳೆದುಹೋದ ಎರಡು ಪೆನಲ್ಟಿಗಳನ್ನು, ಇಲ್ಲವೆ ಬರಿಗಾಲನ್ನು.

ನೋಟುಬುಕ್ಕು ತೆಗೆದುಕೊಂಡು ಒಂದು ರವಿವಾರ ರಾಮದುರ್ಗಕ್ಕೆ ಹೋದೆ. ಗೋಲ್‌ಕೀಪರನ ಮನೆ ಮಲಪ್ರಭೆಯ ಕಡೆಗಿದೆ. 2019ರ ಮಹಾಪೂರದ ನೀರು ಏರಿದ ಗುರುತನ್ನು ಗೋಡೆಯ ಮೇಲೆ ಅವನ ತಾಯಿ ತೋರಿಸಿದರು. "ಉಣ್ಣಾಕ ಏಳೋ ತಮ್ಮಾ, ಆಮ್ಯಾಲ ಮಾತಾಡೂವಂತ್ರಿ" ಎಂದು ರೊಟ್ಟಿ ಬಡಿಸಿದರು. ಉಂಡಾದ ಮೇಲೆ 64ನೆಯ ನಿಮಿಷದ ಪುಟ ತೆರೆದು ಅವನ ಮುಂದಿಟ್ಟೆ. "ತಪ್ಪು ನಂದು. ಟೆಂಪೋದಾಗ ಅಂದಿದ್ದೂ ತಪ್ಪು" ಎಂದೆ. ಅವನು ಬಹಳ ಹೊತ್ತು ಪುಟಗಳನ್ನು ತಿರುವಿದ. ಕೊನೆಗೆ, "ಇದರಾಗ ಒಂದು ಬರದಿಲ್ಲಲ್ಲೋ" ಎಂದ.

"ಏನು?"

"ನೀ ಪಾಸ್ ಕೊಡೂ ಮೊದ್ಲ ನಾ ಒದರಿದ್ದೆ. ಮಂದಿ ಬಂದ್ರು, ಹೊರಗ ಹೊಡಿ ಅಂತ. ನೀ ಕೇಳಲಿಲ್ಲ. ನೀ ಒಬ್ಬಾವ ಅಲ್ಲ, ಯಾರೂ ಕೇಳೂದಿಲ್ಲ. ಯಾರೂ ಒದರೂದೂ ಇಲ್ಲ. ಖೋ ಆಟದಾಗ ಬಾಯಿ ಬಿಟ್ಟು ಖೋ ಅನ್ನಲಿಲ್ಲಂದ್ರ ಫೌಲ್ ಕೊಡ್ತಾರ. ಕಬಡ್ಡ್ಯಾಗ ಬಾಯಿ ನಿಂತ್ರ ದಾಳಿ ಮುಗೀತು. ಅಲ್ಲೆಲ್ಲ ಒದರಾವ್ರು ಇಲ್ಲಿ ಬಂದು ಮೂಕರಾಗೀರಿ ನೋಡು."

ಮೂರು ದಿನ ಆ ನೋಟುಬುಕ್ಕನ್ನು ಓದಿದ್ದರೂ ಈ ಮಾತು ನನಗೆ ಹೊಳೆದಿರಲಿಲ್ಲ. ಬರೆದುದನ್ನಷ್ಟೇ ಪುಸ್ತಕ ಹೇಳುತ್ತದೆ. ಮೈದಾನದ ಹೊರಗೆ ಕುಳಿತವನಿಗೆ ಗೋಲಿನಿಂದ ಬಂದ ಕೂಗು ಕೇಳಿಸಿದ್ದಿಲ್ಲ. ಒಂದು ಪಂದ್ಯದ ಲೆಕ್ಕದಿಂದ ಎಲ್ಲವನ್ನೂ ತಿಳಿದೆವೆಂದು ನಾವು ಹೇಳಲಾರೆವು. ಐದಾರು ಪಂದ್ಯಗಳನ್ನು ಹೀಗೆ ಬರೆದಿಟ್ಟರೆ ಕೊನೆಯ ಇಪ್ಪತ್ತು ನಿಮಿಷದ ದಣಿವು ನಿಜವೋ, ಆ ದಿನದ ಮಾತಷ್ಟೇಯೋ ಎಂದು ತಿಳಿದೀತು.

ಅವನು ಸೋಮವಾರದಿಂದ ಅಭ್ಯಾಸಕ್ಕೆ ಬರುತ್ತಿದ್ದಾನೆ. ನಸುಕಿನ ಬಸ್ಸಿನವರಿಗಾಗಿ ಬೈಲಹೊಂಗಲದವರು ಸರದಿಯ ಪ್ರಕಾರ ಮನೆಯಿಂದ ಬುತ್ತಿ ತರುತ್ತಿದ್ದಾರೆ. ನನ್ನ ಸರದಿ ಬುಧವಾರ. ಸವದತ್ತಿಯ ಗೆಳೆಯ ಗೋಲಿನ ಹಿಂದುಗಡೆಗೆ ಕುಳಿತು ಬರೆಯತೊಡಗಿದ್ದಾನೆ, ಪುಸ್ತಕದಲ್ಲಿ "ಕೂಗು" ಎಂದು ಹೊಸ ಅಂಕಣ ಎಳೆದಿದ್ದಾನೆ. ಕಳೆದ ವಾರದ ಅಭ್ಯಾಸದಲ್ಲಿ ಅದರಲ್ಲಿ 17 ಗೆರೆ ಬಿದ್ದವು. 13 ಗೋಲ್‌ಕೀಪರನವು, ಎರಡು ನನ್ನವು.