ಮೆಕ್ಯಾನಿಕಲ್ ಕ್ರೊನೊಗ್ರಾಫ್: ಒಳಯಂತ್ರದ ಮುಖ್ಯಾಂಶಗಳು

• ವೇಳೆ ತೋರಿಸುತ್ತಲೇ ಸ್ಟಾಪ್‌ವಾಚ್ ಕೆಲಸವನ್ನೂ ಮಾಡುವ ಗಡಿಯಾರ ಕ್ರೊನೊಗ್ರಾಫ್. ನಿಖರತೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಗಡಿಯಾರ ಕ್ರೊನೊಮೀಟರ್. ಎರಡನ್ನೂ ಅದಲುಬದಲು ಮಾಡಬೇಡಿ.

• ಮೂಲ: ಲೂಯಿ ಮೊಯ್ನೆ, 1816. ಕುದುರೆ ಪಂದ್ಯದಲ್ಲಿ ಡಯಲ್ ಮೇಲೆ ಶಾಯಿಯ ಚುಕ್ಕೆ ಇಟ್ಟು ಕಾಲ ಗುರುತಿಸಿದ ಯಂತ್ರ ನಿಕೊಲಾ ರಿಯುಸೆಕ್‌ನದು, ಪ್ಯಾರಿಸ್, 1821.

• ಆಸಕ್ತರು ಒಳಯಂತ್ರವನ್ನೇ ಕೇಳುವುದು ಏಕೆ? ಹೊರಗೆ ಒಂದೇ ತರಹ ಕಾಣುವ ಎರಡು ಗಡಿಯಾರಗಳ ಗುಂಡಿ ಒತ್ತಿದರೆ ಬೆರಳಿಗೇ ವ್ಯತ್ಯಾಸ ತಿಳಿಯುತ್ತದೆ. ಒಂದು ಮೃದುವಾಗಿ ಒಳಗಿಳಿಯುತ್ತದೆ, ಇನ್ನೊಂದಕ್ಕೆ ಬಲ ಬೇಕು. ಒಂದರ ಸೆಕೆಂಡ್ ಮುಳ್ಳು ಹೊರಡುವಾಗ ಜಿಗಿಯುತ್ತದೆ, ಇನ್ನೊಂದರದು ಸಲೀಸಾಗಿ ಹೊರಡುತ್ತದೆ. ಇವೆಲ್ಲ ಒಳಗಿನ ಎರಡು ಭಾಗಗಳ ಮೇಲೆ ನಿಂತಿವೆ.

ಮೊದಲನೆಯದು ಆಜ್ಞೆ ಕೊಡುವ ಭಾಗ. ಕಂಬಗಳನ್ನು ವೃತ್ತವಾಗಿ ನಿಲ್ಲಿಸಿದಂತಿರುವ ಕಾಲಂ ವೀಲ್ ಹಳೆಯ ವಿಧಾನ. ತಯಾರಿಕೆ ಕಷ್ಟ, ಒತ್ತಿದಾಗಿನ ಅನುಭವ ನಯ. ಅದರ ಬದಲು ಬಳಸುವ, ಅಚ್ಚಿನಲ್ಲಿ ಕತ್ತರಿಸಿದ ಕ್ಯಾಮ್ ಅಗ್ಗ, ಗಟ್ಟಿ. ಕ್ಯಾಮ್ ಎಂದ ಕೂಡಲೇ ಕೀಳು ಎನ್ನುವುದು ತಪ್ಪು: ನಿಖರತೆಯನ್ನು ಅದು ನಿರ್ಧರಿಸುವುದಿಲ್ಲ.

ಎರಡನೆಯದು, ಓಡುತ್ತಿರುವ ಗಡಿಯಾರಕ್ಕೆ ಸ್ಟಾಪ್‌ವಾಚ್ ಮುಳ್ಳನ್ನು ಜೋಡಿಸುವ ಕ್ಲಚ್. ಅಡ್ಡ ಕ್ಲಚ್‌ನಲ್ಲಿ ಓಡುತ್ತಿರುವ ಚಕ್ರದ ಹಲ್ಲಿಗೆ ಇನ್ನೊಂದು ಚಕ್ರ ಸರಿದು ಬಂದು ಸೇರಬೇಕು. ಹಲ್ಲಿಗೆ ಹಲ್ಲು ತಗುಲಿದರೆ ಮುಳ್ಳು ಜಿಗಿಯುತ್ತದೆ. ಲಂಬ ಕ್ಲಚ್‌ನಲ್ಲಿ ಬಿಲ್ಲೆಗಳು ಒಂದರ ಮೇಲೊಂದು ಒತ್ತಿಕೊಂಡು ಘರ್ಷಣೆಯಿಂದ ತಿರುಗುವುದರಿಂದ ಆ ಜಿಗಿತವಿಲ್ಲ.

• ಮುಳ್ಳು ಎಲ್ಲೇ ನಿಂತಿರಲಿ, ಸೊನ್ನೆಗೆ ತರುವುದು ಹೃದಯಾಕಾರದ ಬೇರೊಂದು ಕ್ಯಾಮ್. ಪೇಟೆಂಟ್ 1844, ಅಡಾಲ್ಫ್ ನಿಕೋಲ್. ಈ ಯಂತ್ರದಲ್ಲಿ ಇದಕ್ಕಿಂತ ಸುಂದರವಾದ ಭಾಗ ಇನ್ನೊಂದಿಲ್ಲ.

• 1969: ತಾನೇ ಕೀಲಿ ಕೊಟ್ಟುಕೊಳ್ಳುವ ಮೊದಲ ಕ್ರೊನೊಗ್ರಾಫ್ ಯಾರದು? ಪೈಪೋಟಿಯಲ್ಲಿದ್ದವರು ಮೂವರು. ಜೆನಿತ್‌ನ ಎಲ್ ಪ್ರಿಮೆರೊ ಜನವರಿಯಲ್ಲಿ ಘೋಷಣೆಯಾಯಿತು. ಹೋಯರ್, ಬ್ರೈಟ್ಲಿಂಗ್ ಮತ್ತಿತರರ ಜಂಟಿ ಒಳಯಂತ್ರ ಕ್ಯಾಲಿಬರ್ 11 ಮಾರ್ಚ್‌ನಲ್ಲಿ. ಜಪಾನಿನ ಸೈಕೊ 6139 ಅದೇ ವರ್ಷ ಮಾರಾಟಕ್ಕೆ ಬಂತು. ಕಾಲಂ ವೀಲ್ ಮತ್ತು ಲಂಬ ಕ್ಲಚ್ ಎರಡೂ ಸೈಕೊದಲ್ಲಿದ್ದವು.

• ಎಲ್ ಪ್ರಿಮೆರೊ ಗಂಟೆಗೆ 36,000 ಬಾರಿ ಮಿಡಿಯುತ್ತದೆ, ಅಂದರೆ ಸೆಕೆಂಡಿಗೆ 10. ಹೀಗಾಗಿ ಸೆಕೆಂಡಿನ ಹತ್ತನೇ ಒಂದು ಭಾಗ ಅಳೆಯಬಲ್ಲದು. 28,800 ಆದರೆ ಎಂಟನೇ ಒಂದು, 18,000 ಆದರೆ ಐದನೇ ಒಂದು ಭಾಗ.

• ಶಾರ್ಲ್ ವೆರ್ಮೊ: 1970ರ ದಶಕದಲ್ಲಿ ಕ್ವಾರ್ಟ್ಜ್ ಗಡಿಯಾರಗಳ ಹೊಡೆತಕ್ಕೆ ಸಿಕ್ಕ ಜೆನಿತ್‌ನ ಮಾಲೀಕರು ಮೆಕ್ಯಾನಿಕಲ್ ತಯಾರಿಕೆ ನಿಲ್ಲಿಸಲು ಹೇಳಿದಾಗ, ಎಲ್ ಪ್ರಿಮೆರೊದ ಉಪಕರಣಗಳನ್ನು ಲ ಲೋಕ್ಲ್‌ನ ಕಾರ್ಖಾನೆಯ ಅಟ್ಟದಲ್ಲಿ ಬಚ್ಚಿಟ್ಟ ಕುಶಲಕರ್ಮಿ. ಮುಂದೆ ತಯಾರಿಕೆ ಮರಳಿ ಶುರುವಾದದ್ದು ಅವುಗಳಿಂದಲೇ. 1988ರ ರೋಲೆಕ್ಸ್ ಡೇಟೋನಾದೊಳಗೆ ಇದ್ದದ್ದು ಇದೇ ಯಂತ್ರದ ಮಾರ್ಪಾಡು, ಮಿಡಿತ ಮಾತ್ರ 28,800ಕ್ಕೆ ಇಳಿಸಿದ್ದು.

• ವಾಲ್ಜೂ 7750 ಒಳಯಂತ್ರ: 1970ರ ದಶಕ, ವಿನ್ಯಾಸ ಎಡ್ಮಂಡ್ ಕಾಪ್ಟ್, ಕ್ಯಾಮ್ ಪದ್ಧತಿ. ಹತ್ತಾರು ಕಂಪನಿಗಳ ಗಡಿಯಾರಗಳಲ್ಲಿ ಇದೇ ಇದೆ.

• ಒಮೆಗಾ ಸ್ಪೀಡ್‌ಮಾಸ್ಟರ್: ಬಾಹ್ಯಾಕಾಶ ಯಾನಕ್ಕೆ ನಾಸಾ ಒಪ್ಪಿಗೆ 1965. ಅಪೊಲೊ 11ರೊಂದಿಗೆ ಹೋದ ಕ್ಯಾಲಿಬರ್ 321ರಲ್ಲಿ ಕಾಲಂ ವೀಲ್. 1968ರಿಂದ ಅದರ ಜಾಗಕ್ಕೆ ಬಂದ 861ರಲ್ಲಿ ಕ್ಯಾಮ್. 1970ರಲ್ಲಿ ಅಪೊಲೊ 13 ಸಂಕಟದಲ್ಲಿದ್ದಾಗ ಎಂಜಿನ್ ಉರಿಸಬೇಕಾದ 14 ಸೆಕೆಂಡುಗಳನ್ನು ಗಗನಯಾತ್ರಿ ಜ್ಯಾಕ್ ಸ್ವಿಗರ್ಟ್ ಲೆಕ್ಕ ಹಾಕಿದ್ದು ಸ್ಪೀಡ್‌ಮಾಸ್ಟರ್‌ನಲ್ಲಿ.